ಪ್ರಶ್ನೆಪತ್ರಿಕೆ ಉಳಿಸಿದ ಹಸಿರು ಡಬ್ಬದ ಕಾರ್ಡು

ಇವತ್ತು ಮಗಳ ಕಂಪ್ಯೂಟರಿನಿಂದ ಕಾದ ಧೂಳಿನ ವಾಸನೆ ಬಂದದ್ದೇ ತಡ, ನನ್ನೊಳಗೆ ಅಂಕದ ಪರದೆ ಸರ್ರನೆ ಮೇಲೆದ್ದಿತು! ನಾನು ಓದುತ್ತಿದ್ದ ಕಾಲದ, ವಿಜಯನಗರದ ನಮ್ಮ ನಡುಮನೆ. ಕಸೂತಿ ಬಟ್ಟೆ ಹೊದ್ದ ಕಂಪ್ಯೂಟರ್. ಕನ್ನಡಕ ಮೂಗಿನ ತುದಿಗಿಳಿಸಿ ಒಂದೇ ಬೆರಳಲ್ಲಿ ಟೈಪ್ ಮಾಡುವ ನನ್ನಮ್ಮ, ಶಾಲೆಯ ಟೀಚರು.

ಆಗ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕಂಪನಿಗಳ ನಡುವೆ ಮಹಾಯುದ್ಧ. ನಮ್ಮಣ್ಣ ಸುರೇಶ ಕೆಂಪು ಡಬ್ಬದ ಕಂಪನಿಯ ಸೇನಾಪತಿ, ಎದುರುಮನೆ ಗಿರಿ ಹಸಿರು ಡಬ್ಬದವನು. ಯಾರ ದುಬಾರಿ ಕಾರ್ಡು ಮೇಲು ಎಂದು ಗೇಟಿನ ಬಳಿ ನಿಂತು ಇಬ್ಬರೂ ಗುಡುಗುತ್ತಿದ್ದರು. ಇಬ್ಬರ ಮನೆಯಲ್ಲೂ ಇದ್ದದ್ದು ಮಾತ್ರ ಅಗ್ಗದ ಪುಟ್ಟ ಕಾರ್ಡು!

ಒಂದು ಭಾನುವಾರ ಅಣ್ಣ ನಮ್ಮ ಪುಟ್ಟ ಕಾರ್ಡನ್ನು ಗೆಳೆಯನಿಗೆ ಕೊಟ್ಟು, ಅವನ ಇಟ್ಟಿಗೆಯಂಥ ಕೆಂಪು ಕಾರ್ಡು ತಂದು ಸಿಕ್ಕಿಸಿದ. ಸ್ವಿಚ್ ಒತ್ತಿದರೆ ಮಾನಿಟರ್ ಕಪ್ಪು.

"ನಾಳೆ ಕೊಡ್ಬೇಕಾದ ಪ್ರಶ್ನೆಪತ್ರಿಕೆ ಅದರೊಳಗಿದೆ ಕಣೋ! ಮೂರು ದಿನ ಟೈಪ್ ಮಾಡಿದೀನಿ!" ಎನ್ನುತ್ತ ಅಮ್ಮ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿದರು.

ಗೇಟಿನಾಚೆಯಿಂದ ಗಿರಿ, "ಏನ್ ಗುರು, ನಿಮ್ ಕೆಂಪು ಸಾಮ್ರಾಟ್ರು ಮಲಗ್ಬಿಟ್ರಾ?" ಎನ್ನುತ್ತ ಒಳಬಂದವನು ಅಮ್ಮನ ಮುಖ ನೋಡಿದ. ಓಡಿಹೋಗಿ ತನ್ನ ಕಂಪ್ಯೂಟರಿನ ಹಸಿರು ಕಂಪನಿಯ ಪುಟ್ಟ ಕಾರ್ಡನ್ನೇ ಕಿತ್ತು ತಂದ. "ಆ ದೊಡ್ಡದಕ್ಕೆ ನಿಮ್ಮನೆ ಕಂಪ್ಯೂಟರಿನ ಪವರ್ ಸಾಲಲ್ಲ ಮಗಾ. ಹೆದರ್ಬೇಡಿ ಆಂಟಿ, ಇದನ್ನ ಹಾಕೋಣ."

ಮಾನಿಟರಿನಲ್ಲಿ ಬೆಳಕು! ಪ್ರಶ್ನೆಪತ್ರಿಕೆ ಒಂದಕ್ಷರವೂ ಹೋಗದೆ ತೆರೆದುಕೊಂಡಿತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಸದ್ಯ! ಕೂತ್ಕೋ ಗಿರಿ, ಉಪ್ಪಿಟ್ಟು ಮಾಡ್ತೀನಿ," ಎಂದರು. ಅಣ್ಣನೇ ಅವನಿಗೆ ಕುರ್ಚಿ ಹಾಕಿದ.

ಇವತ್ತು ಮಗಳು ಬ್ರಷ್‌ನಿಂದ ತನ್ನ ಕಂಪ್ಯೂಟರಿನ ಧೂಳು ತೆಗೆದು, ಪಕ್ಕದಲ್ಲೇ ಕೂತಿದ್ದ ನನಗೆ, "ಏನೂ ಆಗಿಲ್ಲ, ಎದ್ದೋಗಿ," ಎಂದಳು. ಅವಳ ಫೈಲುಗಳೆಲ್ಲ ಪೆನ್‌ಡ್ರೈವ್‌ಗೆ ಇಳಿಯುವವರೆಗೂ ನಾನು ಕದಲಲಿಲ್ಲ.