ಬಂತಾ, ಮೇಸ್ತ್ರಿ?

ಬೆಂಗಳೂರಿನ ಮರ್ಫಿ ಟೌನಿನ ನಮ್ಮ ಬೀದಿಗೆ ನೀರು ಬಿಡುತ್ತಿದ್ದ ಅಣ್ಣ, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಹೆಗಲ ಮೇಲಿಟ್ಟುಕೊಂಡು ಮದುವೆಗೆ ಹೊರಟವರ ಹಾಗೆ ಬರುತ್ತಿದ್ದರು. ನೀರು ಬಿಟ್ಟ ಮೇಲೆ ಒಂದೊಂದೇ ಬಾಗಿಲು ತಟ್ಟಿ "ಬಂತಾ?" ಎನ್ನುವರು. ಒಳಗಿನಿಂದ "ಬಂತು" ಎಂದರಷ್ಟೇ ಮುಂದಿನ ಮನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೇಂಟಿಂಗ್ ಮೇಸ್ತ್ರಿಯಾದವನು. ಆದರೂ ಬೀದಿಯ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ದು ನಾನೇ.

"ಅದ್ರಲ್ಲೇ ಒಂದ್ ಮೆಸೇಜ್ ಹಾಕ್ಬಿಡಿ ಅಣ್ಣ, ಗಂಟ್ಲಾದ್ರೂ ಉಳಿಯುತ್ತೆ" ಎಂದೆ.

"ಅದ್ರಲ್ಲಿ ಎಲ್ರೂ ಹೆಬ್ಬೆಟ್ಟು ತೋರ್ಸಿ ಸುಮ್ನಾಗ್ತಾರೆ, ಮೇಸ್ತ್ರಿ. ನಂಗೆ ಬಾಯಲ್ಲಿ ಹೇಳ್ಬೇಕು."

ಹೆಂಡತಿ ಊರಿಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟ ಹಿಡಿದುಕೊಂಡಿತು, ಏಳಲಾಗಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಆದರೆ ನಾನೇ ಮಾಡಿದ ಗ್ರೂಪಿನಲ್ಲಿ "ಬಿದ್ದಿದ್ದೀನಿ, ಬಂದು ಎತ್ತಿ" ಎಂದು ಹಾಕಲು ಮನಸ್ಸು ಒಪ್ಪಲಿಲ್ಲ.

ಬಾಗಿಲು ಸದ್ದಾಯಿತು. "ಬಂತಾ?"

"ಬಂತು ಅಣ್ಣ" ಎಂದೆ, ಮಾಮೂಲಿ ದನಿಯಲ್ಲೇ.

"ಬಂತು ಅಂತೀಯ, ಬಿಂದಿಗೆ ಸದ್ದೇ ಇಲ್ವಲ್ಲೋ!"

ಪಕ್ಕದ ಮನೆಯವರನ್ನೂ ಕೂಗಿ, ಚಿಲಕ ಹಾಕದ ಬಾಗಿಲು ತಳ್ಳಿಕೊಂಡು ಬಂದು, ಇಬ್ಬರೂ ಸೇರಿ ನನ್ನನ್ನು ಎತ್ತಿ ಕೂರಿಸಿದರು. "ಸುಳ್ಳು ಹೇಳೋಕೂ ನೀರು ಬೇಕು ಕಣೋ" ಎಂದು ನಗುತ್ತಾ ಅಣ್ಣ ನನ್ನ ಬಿಂದಿಗೆಯನ್ನೂ ತುಂಬಿಸಿಟ್ಟರು.

ಈಗ ಅವರಿಗೆ ಬೇರೆ ಏರಿಯಾಕ್ಕೆ ವರ್ಗವಾಗಿದೆ. ನೀರಿನ ಸುದ್ದಿ ಗ್ರೂಪಿನಲ್ಲೇ ಬರುತ್ತದೆ. ನಾನು ಕೊಳಾಯಿಗೆ ಬಿಂದಿಗೆ ಇಟ್ಟು ಪಕ್ಕದ ಮನೆಯ ಬಾಗಿಲು ತಟ್ಟುತ್ತೇನೆ. ಅವರು "ಬಂತು" ಎಂದ ಮೇಲೂ ಬಿಂದಿಗೆಯ ಸದ್ದು ಕೇಳುವವರೆಗೆ ಅಲ್ಲೇ ನಿಂತಿರುತ್ತೇನೆ.