ಇನ್ನೂ ಆಗಿಲ್ಲ ಎನ್ನುವ ಒರೆಸ್ತೆ

ಇಟಲಿಯ ನಮ್ಮ ಮೊನ್ಫೆರಾತೊ ಗುಡ್ಡಗಳಲ್ಲಿ ವೈನ್ ಮಾಡುವ ಗಂಡಸರೆಲ್ಲ ಒಂದಿಷ್ಟು ಮೊಂಡರೇ. ಒರೆಸ್ತೆ ಮಾತ್ರ ದೇವರಿಗೂ ಕಾಯಲು ಹೇಳುವಷ್ಟು ಮೊಂಡ. ಅವಸರದ ವೈನಿಗೆ ಮನೆತನದ ಹೆಸರು ಹಾಕಬಾರದೆಂಬ ಈ ಹಟದಿಂದಲೇ ಅಜ್ಜನ ಪುಟ್ಟ ನೆಲಮಾಳಿಗೆಯನ್ನು ಮೂರು ಗುಡ್ಡಗಳ ತೋಟವಾಗಿ ಬೆಳೆಸಿದ. ಬೆಳಿಗ್ಗೆ ಎದ್ದವನೇ ಪೀಪಾಯಿಗಳನ್ನು ತಟ್ಟಿ, ಕಿವಿಯಿಟ್ಟು, ಒಂದು ಗುಟುಕು ಬಾಯಲ್ಲಾಡಿಸಿ ಉಗಿದು, "ಇನ್ನೂ ಆಗಿಲ್ಲ" ಎನ್ನುತ್ತಿದ್ದ. ತೊರಿನೊ ಪಟ್ಟಣದ ವ್ಯಾಪಾರಿ ಕೇಳಿದರೂ ಅದೇ ಮಾತು, ಪಾದ್ರಿಗಳು ಬಲಿಪೂಜೆಗೆಂದು ಕೇಳಿದರೂ ಅದೇ ಮಾತು. "ನಂಗೆ ಹೆರಿಗೆ ನೋವು ಬಂದಾಗ್ಲೂ ಸೂಲಗಿತ್ತಿಗೆ 'ಇನ್ನೂ ಆಗಿಲ್ಲ' ಅಂದಿದ್ದ ಕಣೇ ಈ ಮಹಾರಾಯ!" ಎಂದು ಅವನ ಹೆಂಡತಿ ದೆಲ್ಫೀನಾ ಚರ್ಚಿನ ಮೆಟ್ಟಿಲ ಮೇಲೆ ನನ್ನೊಡನೆ ನಗುತ್ತಿದ್ದಳು. ಮದುವೆಯ ವರ್ಷ ಅವಳೇ ಕೊಯ್ದ ದ್ರಾಕ್ಷಿಯ ವೈನ್ ಬಾಟಲಿಗಳನ್ನು ಅವನು, ಹದವಾಗಲೆಂದು, ಇಲ್ಲಿಯ ರೂಢಿಯಂತೆ ನೆಲಮಾಳಿಗೆಯ ಗೋಡೆಯೊಳಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದ. ಮದುವೆಯ ದಿನ ಬಂದಾಗಲೆಲ್ಲ ಅವಳು, "ಒಂದು ಗುಟುಕಾದ್ರೂ ಕೊಡು ಮಾರಾಯಾ" ಎನ್ನುವಳು, ಅವನು, "ನಿಂಗೆ ಒಗರು ಕುಡಿಸ್ಲಾ? ಮುಂದಿನ ವರ್ಷ ನೋಡೋಣ" ಎನ್ನುವನು. ಕಳೆದ ಚಳಿಗಾಲ ಅವಳನ್ನು ಮಣ್ಣು ಮಾಡಿ ಬಂದ ದಿನ ತಾನೇ ಆ ಗೋಡೆ ಒಡೆದು ನಮಗೆಲ್ಲ ಸುರಿದುಕೊಟ್ಟ. ಅಂಥ ವೈನನ್ನು ನಾವ್ಯಾರೂ ಕುಡಿದಿರಲಿಲ್ಲ. ಅವನು ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು, ಉಗಿಯದೆ ನುಂಗಿ, "ಇದು ಯಾವತ್ತೋ ಆಗಿತ್ತು" ಎಂದ.