ಅಪ್ಪನ ಪಡದಾದ ಮ್ಯಾಲಿನ ಹಸರು ಕೀಡಿ

ಮೊದಲ ನನಗ ಬಂದದ್ದು ಸಿಟ್ಟು ನೋಡ್ರಿ. ಫ್ರಾನ್ಸ್ ದೇಶದಾಗಿನ ಯಾವನೋ ಒಬ್ಬ ನಮ್ಮಪ್ಪನ ಹೂವ ಕದ್ದಾನ ಅಂತ!

ಸೇಡಂದಾಗ ನಮ್ಮದು ಫೋಟೋ ಸ್ಟುಡಿಯೋ. ಅಪ್ಪ ಹಾಕಿದ್ದು, ಅಪ್ಪ ತೀರ್ಕೊಂಡ ಮ್ಯಾಲ ನಾ ನಡಸ್ತೀನಿ. ಈಗ ಫೋಟೋಕ್ಕಿಂತ ಫ್ಲೆಕ್ಸಿನ ಕೆಲಸಾನೇ ಹೆಚ್ಚು. ಹೋದ ವರ್ಷ ಚಿಂಚೋಳಿ ಕಡಿಯವ್ರು ಒಬ್ರು ಮಗಳ ನಿಶ್ಚಯಕ್ಕ, "ಹಳೇ ಕಾಲದ ಹೂವಿನ ಚಿತ್ರ ಇರೋ ಬ್ಯಾನರ್ ಮಾಡ್ರಿ ಅಕ್ಕಾ, ಎಲ್ಲಾರ ಮನಿದ್ದಂಗ ಬ್ಯಾಡ" ಅಂದ್ರು. ಮುಂಜಾನೆ ಕಂಪ್ಯೂಟರ್ ಮುಂದ ಕುಂತು ಹುಡುಕ್ಲಿಕತ್ತಿದ್ದೆ. ಪರದೇಶದ ಒಂದು ಅಂಗಡಿ ಪುಟ ತೆರೀತು. ಎಣ್ಣೆಬಣ್ಣದ ಹೂವಿನ ಚಿತ್ರ, ಮಾರ್ಲಿಕ್ಕದ, ಬೆಲೆ ಕೇಳಿ ತಿಳ್ಕೋರಿ ಅಂತ ಬರ್ದಿತ್ತು. ಚಿತ್ರ ದೊಡ್ಡದು ಮಾಡ್ದೆ. 

ನಮ್ಮ ಪಡದಾ ಅದು!

ಪಡದಾ ಅಂದ್ರ ಫೋಟೋ ತೆಗೆಸ್ಕೊಳ್ಳೋರ ಹಿಂದ ಇಳಿಬಿಡೋ ಬಟ್ಟಿ. ನಮ್ಮ ಪಡದಾದಾಗ ಒಂದು ಗಾಜಿನ ಹೂದಾನಿ, ಕೆಂಪು ಬಿಳಿ ಗೆರಿ ಇರೋ ಹೂವು, ಸೊಂಟ ಮುರಿದಂಗ ಬಾಗಿದ ಗುಲಾಬಿ, ಕೆಳಗ ಕಲ್ಲಿನ ಕಟ್ಟಿ ಮ್ಯಾಲ ಉದುರಿದ ಎರಡು ಎಸಳು. ಆ ಕಟ್ಟಿ ಥೇಟ್ ನಮ್ಮ ಶಹಾಬಾದ್ ಫರ್ಸಿ ಕಲ್ಲಿಂದೇ. ಖಣಿ ಕೆಲಸದವ್ರು ಬಂದ್ರ ಮುಟ್ಟಿ ಮುಟ್ಟಿ ನೋಡ್ತಿದ್ರು. ಒಂದು ಎಲಿ ಮ್ಯಾಲ ಹಸರು ಕೀಡಿ. "ಹೊಲದಾಗಿನ ತೊಗರಿ ಸಾಕಾಗ್ಲಿಲ್ಲೇನ್ರಿ ಇದಕ್ಕ, ಇಲ್ಲಿ ತನಕ ಬಂದದ?" ಅಂತ ರೈತರು ನಗ್ತಿದ್ರು. ಅವರು ನಗೋ ಹೊತ್ತಿಗೇ ಅಪ್ಪ ಕ್ಯಾಮೆರಾ ಒತ್ತತಿದ್ದ. ಈ ಹೂವು ಎಲ್ಲಿ ಬೆಳಿತಾವ್ರಿ ಅಂತ ಯಾರಾರ ಕೇಳಿದ್ರ, ಹಣಿಗೆ ಬೆರಳ ಹಚ್ಚಿ "ಇಲ್ಲೇ" ಅಂತಿದ್ದ.

ಈಗ ಆ ಕೀಡಿ ನನ್ನ ಕಂಪ್ಯೂಟರದಾಗ! ಅದೇ ಎಲಿ, ಅದೇ ಮೂಲಿ. "ಎಲಾ ಭಾಡ್ಯಾ, ಎಲ್ಲೋ ಕುಂತು ನಮ್ಮಪ್ಪಂದು ಕದ್ದು ಮಾರ್ತೀಯೇನು?" ಅಂತ ಬಾಯಿಗೆ ಬಂದೇಬಿಡ್ತು. ಆಮ್ಯಾಲ ಕೆಳಗಿನ ಸಾಲು ಓದ್ದೆ. ಫ್ರಾನ್ಸ್, ಹದಿನೇಳನೇ ಶತಮಾನ, ಬರ್ದವರ ಹೆಸರು ತಿಳಿದಿಲ್ಲ. ಚಷ್ಮಾ ಒರಸಿ ಮತ್ತ ಓದ್ದೆ. ನಮ್ಮಪ್ಪನ ಮುತ್ಯಾನ ಮುತ್ಯಾ ಹುಟ್ಟೂದಕ್ಕಿಂತ ಮೊದಲಿಂದು ಅದು.

ಅಪ್ಪ ಸುಳ್ಳ ಹೇಳಿದ್ದ. ಖರೇ ಅಂದ್ರ ಅದನ್ನ ನಾ ಹೆಂಗರ ನುಂಗ್ಕೋತಿದ್ದೆ, ತಂದಿ ಒಂದು ಸುಳ್ಳು ಹೇಳಿದ್ರ ಏನಾತು? ನಾ ಹೆದರಿದ್ದು ಬ್ಯಾರೇದಕ್ಕ. ಚಿತ್ತಾಪುರದ ಫೋಟೋಗ್ರಾಫರ್ ನೆನಪಾದ.

ನಾ ಹತ್ತನೇ ಕ್ಲಾಸ್ ಮುಗಿಸಿದ ವರ್ಷ ದಂಡೋತಿಲಿಂದ ನಮ್ಮ ಬೀಗರ ಲಗ್ನದ ಫೋಟೋ ಬಂತು. ಮದುಮಕ್ಕಳ ಹಿಂದ ನಮ್ಮ ಹೂದಾನಿ! ಗೆರಿ ಹೂವು, ಮುರಿದ ಗುಲಾಬಿ, ಕೀಡಿ ಸೈತ. ಚಿತ್ತಾಪುರದ ಸ್ಟುಡಿಯೋದಾಗ ತೆಗೆಸಿದ್ದಂತ. ಅಪ್ಪ "ಇರ್ಲಿ ಬಿಡವ್ವಾ" ಅಂದ. ನಾ ಬಿಡ್ತೀನೇನು? ಅಪ್ಪಗ ಎಳ್ಕೊಂಡು ಹೋಗಿ ರೈಲು ಹತ್ತಿಸ್ದೆ. ಬಜಾರದಾಗ ಅವನ ಅಂಗಡಿ ಮುಂದ ನಿಂತು, ನಡಕ್ಕ ಕೈ ಇಟ್ಟು ಒದರಿದೆ. "ಕಳ್ಳ! ನಮ್ಮಪ್ಪನ ತಲ್ಯಾಗಿನ ಹೂವ ಕದ್ದ ಕಳ್ಳ ಇವ!" ಸಂತಿ ದಿನ, ಮಂದಿ ಜಮಾ ಆತು. ಅಪ್ಪ ನನ್ನ ಹಿಂದ ನಿಂತಿದ್ದ. ಆ ಮನುಷ್ಯಾ ಏನೋ ಹೇಳ್ಲಿಕ್ಕ ಬಾಯಿ ತೆರದ, ಮತ್ತ ಮುಚ್ಕೊಂಡ. ಕಳ್ಳನ ಬಾಯಿ ಬಂದ್ ಆತು ಅಂತ ನಾ ಗೆದ್ದಾಕಿ ಹಂಗ ಊರಿಗೆ ಬಂದೆ.

ಅವತ್ತಿಂದ ಅದಕ್ಕ "ಕಳ್ಳನ ಸ್ಟುಡಿಯೋ" ಅಂತ ಹೆಸರು ಬಿತ್ತು. ಲಗ್ನದ ಮಂದಿ ಹೋಗೂದು ಬಿಟ್ರು. ಅಂಗಡಿ ಮುಚ್ಚಿ, ವಾಡಿಯಾಗ ಗೋಡಿಗೆ ಸುಣ್ಣ ಹಚ್ಚಲಿಕ್ಕ ಹೋಗ್ಯಾನ ಅಂತ ಕೇಳಿದಾಗ ನಾ "ಛಲೋ ಆತು" ಅಂದಿದ್ದೆ. ಇದೇ ಬಾಯಿಲೆ ಅಂದಿದ್ದೆರೀ.

ಕಂಪ್ಯೂಟರದಾಗ ಚಿತ್ರ ನೋಡಿದ ದಿನಾನೇ ಮಧ್ಯಾಹ್ನದ ರೈಲಿಗೆ ಚಿತ್ತಾಪುರಕ್ಕ ಹ್ವಾದೆ. ವಾಡಿಲಿಂದ ತಿರುಗಿ ಬಂದಾರೋ ಇಲ್ಲೋ, ಜೀವಂತ ಅದಾರೋ ಇಲ್ಲೋ, ಅದೂ ಗೊತ್ತಿರ್ಲಿಲ್ಲ. ಕೇಳ್ಕೊಂತ ಕೇಳ್ಕೊಂತ ಮನಿ ಸಿಕ್ತು. ಅವರು ಪಡಸಾಲ್ಯಾಗ ಕುಂತು ಶೇಂಗಾ ಸುಲೀಲಿಕತ್ತಿದ್ರು. "ಕಾಕಾ, ನಾ ಸೇಡಂದಾಕಿ" ಅಂದೆ.

"ಹೇಳಬ್ಯಾಡವ್ವಾ. ಈ ದನಿ ಮರಿತೀನೇನು? ಕುಂದ್ರು" ಅಂದ್ರು.

ನೆಲ ಬಾಯಿ ತೆರೀಬಾರದಾ ಅನಿಸ್ತು. ಮೊಬೈಲಿನಾಗಿನ ಚಿತ್ರ ಮುಂದ ಹಿಡದೆ. ಕಣ್ಣಿನ ಹತ್ರ ಒಯ್ದು ಭಾಳ ಹೊತ್ತು ನೋಡಿದ್ರು.

"ಖರೇನೇ ಹಸರಿತ್ತು ನೋಡು ಕೀಡಿ! ನಮ್ಮ ಕ್ಯಾಲೆಂಡರದಾಗ ಬಣ್ಣ ಹಾರಿ ಹಳದಿ ಆಗಿತ್ತು. ತೊಗರಿ ಹೊಲಕ್ಕ ಹೋಗಿ, ಕೀಡಿ ನೋಡಿ, ಹಸರು ಹಚ್ಚಿದ್ವಿ."

"ಹಚ್ಚಿದ್ವಿ ಅಂದ್ರ? ಯಾರು?"

"ನಾನೂ ನಿಮ್ಮಪ್ಪನೂ. ವಾಡಿ ಸ್ಟೇಷನ್ದಾಗ ಯಾರೋ ಬಿಟ್ಟುಹೋದ ಪರದೇಶದ ಕ್ಯಾಲೆಂಡರ್ ನನಗ ಸಿಕ್ಕಿತ್ತು, ಅದರಾಗ ಈ ಚಿತ್ರ ಇತ್ತು. ಇಬ್ರೂ ಒಬ್ಬರೇ ಉಸ್ತಾದರ ಕೈಯಾಗ ಬಣ್ಣ ಕಲ್ತವ್ರು. ಎರಡು ಪಡದಾ ಕೂಡೇ ಬರದ್ವಿ. ಹೂವಿಗೆ ಅವನ ಕೈ, ಕಲ್ಲಿಗೆ ನಂದು. ನಿಮ್ಮನಿ ಪಡದಾದಾಗಿನ ಫರ್ಸಿ ನಾ ಬರ್ದದ್ದವ್ವಾ."

ಅಪ್ಪ ಈ ಮನುಷ್ಯಾನ ಹೆಸರು ಒಮ್ಮಿನೂ ಎತ್ತಿರ್ಲಿಲ್ಲ.

"ನಿಮ್ಮಪ್ಪ ಚಾಷ್ಟಿಗೆ ಅಂದಿದ್ನಂತ, ನನ್ನ ತಲ್ಯಾಗಿನ ಹೂವು ಅಂತ. ನೀ ಸಣ್ಣಾಕಿ, ನಂಬಿದಿ, ಊರೆಲ್ಲಾ ಹೇಳ್ಕೊಂತ ತಿರುಗಿದಿ. ಆಮ್ಯಾಲ ಹಿಂದ ಸರೀಲಿಕ್ಕ ಅವಗ ಬರ್ಲಿಲ್ಲ."

"ಮತ್ತ ಅವತ್ತು ಯಾಕ ಹೇಳ್ಲಿಲ್ಲ ಕಾಕಾ? ಒಂದು ಮಾತು ಅಂದಿದ್ರ ನಾ ಅಲ್ಲೇ ಬಾಯಿ ಮುಚ್ಚತಿದ್ದೆ!" ಹುಚ್ಚಿ ನಾ, ಮತ್ತ ಅವರ ಮ್ಯಾಲೇ ಒದರಿದೆ.

"ಹೇಳಾವನೇ ಇದ್ದೆ. ನೀ ನನ್ನ ಕಡೆ ಮಾರಿ ಮಾಡಿ ನಿಂತಿದ್ದಿ. ನಿನ್ನ ಬೆನ್ನ ಹಿಂದ ನಿಮ್ಮಪ್ಪ ನನಗ ಕೈ ಮುಗಿಲಿಕತ್ತಿದ್ದ."

ಅವರ ಕಾಲು ಹಿಡದೆ. ಬಿಡಿಸ್ಕೊಂಡು, ಛಾ ಕುಡದು ಹೋಗು ಅಂದ್ರು. ಛಾ ಅಲ್ಲೇ ಬಿಟ್ಟೆ. ಎದ್ದು ಬಜಾರಕ್ಕ ಬಂದೆ. ಅವರ ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಅದ. ಅದರ ಮುಂದ ನಿಂತು, ಅವತ್ತಿನಷ್ಟೇ ಜೋರಾಗಿ ಒದರಿದೆ. "ಅವರು ಕಳ್ಳ ಅಲ್ರೀ! ಅವರು ಕಳ್ಳ ಅಲ್ಲ!"

ಅಂಗಡಿಯವ ಗಾಬರಿಯಾಗಿ ಹೊರಗ ಬಂದು ಕೇಳಿದ, "ಯಾರ್ರೀ ಅಕ್ಕಾ? ಯಾರು?"